ಹುಲ್ಲುನೆಲ ಪಾಳುನೆಲವಲ್ಲ: ಹಿಂಡನ್ ತೀರದಿಂದ ಅಮೃತಮಹಲ್ ಕಾವಲುಗಳವರೆಗೆ

೧. ಪೀಠಿಕೆ

ಕನ್ನಡದಲ್ಲಿ ಹುಲ್ಲು ಎಂಬ ಪದದ ಸುತ್ತ ಎರಡು ಅರ್ಥಪರಂಪರೆಗಳು ಬೆಳೆದುಬಂದಿವೆ. ಮೊದಲನೆಯದು ತಾತ್ಸಾರದ್ದು. 'ತೃಣಸಮಾನ', 'ತೃಣೀಕರಿಸು', 'ಹುಲ್ಲುಕಡ್ಡಿಗೂ ಸಮವಲ್ಲ' ಎಂಬ ನುಡಿಗಟ್ಟುಗಳಲ್ಲಿ ಹುಲ್ಲು ಕ್ಷುದ್ರತೆಯ ಅಳತೆಗೋಲಾಗಿದೆ. ಸೋತವನು ಗೆದ್ದವನ ಮುಂದೆ ಹುಲ್ಲು ಕಚ್ಚುವ ವರ್ಣನೆ ಹಳಗನ್ನಡ ಕಾವ್ಯಗಳ ಓದುಗರಿಗೆ ಪರಿಚಿತವಾದುದು. ಎರಡನೆಯದು ಅನುಭವದಿಂದ ಬಂದ ಅರಿವಿನ ಪರಂಪರೆ. ಕಾವಲು, ಗೋಮಾಳ, ಬೇಣ, ಹುಲ್ಲುಬನ್ನಿ, ಕರಡ, ಮುಳಿ, ಲಾವಂಚ, ಗರಿಕೆ ಮೊದಲಾದ ಪದಗಳು ಈ ಪರಂಪರೆಗೆ ಸೇರಿದವು. ಹುಲ್ಲು ಬೆಳೆಯುವ ನೆಲ ಎಂಥದು, ಅದನ್ನು ಯಾರು ಯಾವ ಕಾಲದಲ್ಲಿ ಹೇಗೆ ಬಳಸಬೇಕು, ಯಾವ ಹುಲ್ಲು ಯಾವ ಕೆಲಸಕ್ಕೆ ಒದಗುತ್ತದೆ ಎಂಬ ಸೂಕ್ಷ್ಮ ತಿಳಿವಳಿಕೆ ಈ ಪದಗಳಲ್ಲಿ ಅಡಗಿದೆ.

ಆಧುನಿಕ ಕಾಲದ ಭೂದಾಖಲೆಗಳು ಈ ಎರಡನೆಯ ಪರಂಪರೆಯನ್ನು ಬದಿಗೊತ್ತಿ, ಮರವಿಲ್ಲದ ಮತ್ತು ಉಳುಮೆಯಿಲ್ಲದ ನೆಲವನ್ನೆಲ್ಲ ಪಾಳು, ಬಂಜರು, ಖರಾಬು ಎಂಬ ಹೆಸರುಗಳಡಿಯಲ್ಲಿ ಸೇರಿಸಿದವು. ಹೀಗೆ ಹೆಸರು ಬದಲಾದ ನೆಲ ಬಹುಬೇಗ ಕೈತಪ್ಪಿಹೋಯಿತು. ನಮ್ಮ ನೆಲದ ಹುಲ್ಲುಗಳು ಪರಿಸರದಲ್ಲಿ ನಿರ್ವಹಿಸುವ ಪಾತ್ರವನ್ನೂ ಜನಜೀವನದಲ್ಲಿ ಅವುಗಳ ಉಪಯೋಗವನ್ನೂ ವಿವರಿಸುತ್ತ, ಭಾಷೆಗೂ ನೆಲದ ಭವಿಷ್ಯಕ್ಕೂ ಇರುವ ಸಂಬಂಧವನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಎರಡು ಪ್ರದೇಶಗಳನ್ನು ಆಯ್ದುಕೊಳ್ಳಲಾಗಿದೆ. ಒಂದು, ದೆಹಲಿಯ ಪೂರ್ವಕ್ಕಿರುವ ಇಂದಿರಾಪುರಂ ಬಡಾವಣೆಯ ಆಸುಪಾಸಿನ ಹಿಂಡನ್ ಮತ್ತು ಯಮುನಾ ನದಿಗಳ ನೆರೆಬಯಲು; ಇನ್ನೊಂದು, ಕರ್ನಾಟಕದ ಬಯಲುಸೀಮೆಯ ಅಮೃತಮಹಲ್ ಕಾವಲುಗಳು.

ಈ ಆಯ್ಕೆಗೆ ಶಾಸ್ತ್ರೀಯ ಆಧಾರವೊಂದಿದೆ. ಭಾರತದ ಹುಲ್ಲುಹೊದಿಕೆಯನ್ನು ಸಮೀಕ್ಷಿಸಿ ದಬಡಘಾವ್ ಮತ್ತು ಶಂಕರನಾರಾಯಣ ಎಂಬ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ಗ್ರಂಥ ದೇಶದ ಹುಲ್ಲುಗಾವಲುಗಳನ್ನು ಐದು ಮುಖ್ಯ ವರ್ಗಗಳಾಗಿ ವಿಂಗಡಿಸಿತು. ಗಂಗಾ-ಯಮುನಾ ಬಯಲಿನ ಎತ್ತರದ ಜೊಂಡುಹುಲ್ಲುಗಳದು ಅವುಗಳಲ್ಲೊಂದು ವರ್ಗ. ದಖನ್ ಪ್ರಸ್ಥಭೂಮಿಯ ಒಣನೆಲದ ಮೊಣಕಾಲೆತ್ತರದ ಹುಲ್ಲುಗಳದು ಇನ್ನೊಂದು. ನೀರು ಹೆಚ್ಚಿರುವಲ್ಲಿ ಹುಲ್ಲು ಹೇಗೆ ಬದುಕುತ್ತದೆ, ನೀರು ಕಡಿಮೆಯಿರುವಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ಈ ಎರಡನ್ನೂ ಒಟ್ಟಿಗೆ ನೋಡಿದಾಗ ಅರಿಯಬಹುದು.

೨. ಹಿಂಡನ್ ಮತ್ತು ಯಮುನೆಯ ಖಾದರ್

ಇಂದಿರಾಪುರಂ ಉತ್ತರಪ್ರದೇಶದ ಗಾಜಿಯಾಬಾದ್ ಜಿಲ್ಲೆಗೆ ಸೇರಿದ, ಬಹುಮಹಡಿ ವಸತಿಗಳ ದಟ್ಟ ಬಡಾವಣೆ. ದೆಹಲಿಯಲ್ಲಿ ಉದ್ಯೋಗಕ್ಕಿರುವ ಎಲ್ಲ ಪ್ರಾಂತಗಳ ಜನ ಇಲ್ಲಿ ನೆಲೆಸಿದ್ದಾರೆ. ಇದರ ಪೂರ್ವಕ್ಕೆ ಹಿಂಡನ್, ಪಶ್ಚಿಮಕ್ಕೆ ಯಮುನೆ. ಸಹಾರನ್‌ಪುರ ಜಿಲ್ಲೆಯ ಶಿವಾಲಿಕ್ ಬೆಟ್ಟಗಳ ಕಡೆಯಿಂದ ಇಳಿದುಬರುವ ಹಿಂಡನ್ ನದಿ ಗಾಜಿಯಾಬಾದನ್ನು ಹಾಯ್ದು ಮುಂದೆ ಗೌತಮಬುದ್ಧನಗರ ಜಿಲ್ಲೆಯಲ್ಲಿ ಯಮುನೆಯನ್ನು ಸೇರುತ್ತದೆ. ಈ ಸೀಮೆಯ ಜನ ನೆಲವನ್ನು ಎರಡಾಗಿ ಗುರುತಿಸುತ್ತಾರೆ. ನದಿಯ ನೆರೆ ತಲುಪದ, ಹಳೆಯ ಮೆಕ್ಕಲಿನ ಎತ್ತರದ ನೆಲ 'ಬಾಂಗರ್'. ವರ್ಷವರ್ಷವೂ ನೆರೆ ಹೊಸ ಮಣ್ಣು ತಂದು ಹಾಕುವ ತಗ್ಗು ನೆಲ 'ಖಾದರ್'. ಗದ್ದೆ, ಬೆದ್ದಲು, ಬಾಗಾಯ್ತು ಎಂಬ ವಿಂಗಡಣೆಯಂತೆ ಇದೂ ಬೇಸಾಯಗಾರನ ಅನುಭವದಿಂದ ಮೂಡಿದ ವಿಂಗಡಣೆ.

ಖಾದರ್ ಹುಲ್ಲಿನ ತವರು. ನೆರೆ ಇಳಿದ ಮೇಲೆ ಉಳಿಯುವ ಬತ್ತಲೆ ಮರಳದಿಣ್ಣೆಯ ಮೇಲೆ ಮೊದಲು ಹಬ್ಬುವ ಸಸ್ಯಗಳಲ್ಲಿ ಕಾಶಹುಲ್ಲು ಮುಖ್ಯವಾದುದು. ಹಿಂದಿಯಲ್ಲಿ ಇದು 'ಕಾಂಸ್'. ನೆಲದೊಳಗೆ ಅಡ್ಡಲಾಗಿ ಚಾಚುವ ಗೆಣ್ಣುಬೇರುಗಳಿಂದ ಇದು ಮರಳಿನ ಕಣಗಳನ್ನು ಹೆಣೆದು ನಿಲ್ಲಿಸುತ್ತದೆ. ಹಾಗೆ ನಿಂತ ಮರಳಿನ ಮೇಲೆ ಮುಂದಿನ ನೆರೆಯ ಹೂಳು ತಂಗುತ್ತದೆ. ಹೂಳಿನ ಮೇಲೆ ಬೇರೆ ಸಸ್ಯಗಳು ನೆಲೆಯೂರುತ್ತವೆ. ಸ್ವಲ್ಪ ಎತ್ತರದ ಒಣಮರಳಿನಲ್ಲಿ ಆಳೆತ್ತರವನ್ನು ಮೀರಿ ಪೊದೆಪೊದೆಯಾಗಿ ಬೆಳೆಯುವ ಮುಂಜಹುಲ್ಲು ಇದೆ. ಇದರ ದಂಟಿಗೆ 'ಸರ್ಕಂಡಾ' ಎಂದು ಹೆಸರು. ನಿಂತ ನೀರಿನ ಅಂಚಿನಲ್ಲಿ ಜೊಂಡು, ಜೌಗಿನಲ್ಲಿ ಲಾವಂಚ, ಒಣಗಿದ ಗಡಸು ನೆಲದಲ್ಲಿ ದರ್ಭೆ, ಕಾಲುದಾರಿಯ ಅಂಚಿನಲ್ಲಿ ಗರಿಕೆ. ಹೀಗೆ ನೀರಿನ ಮಟ್ಟವೊಂದು ಮೊಳ ಏರಿಳಿದರೆ ಹುಲ್ಲಿನ ಜಾತಿಯೂ ಬದಲಾಗುತ್ತದೆ. ಹುಲ್ಲನ್ನು ನೋಡಿ ನೆಲದ ತೇವವನ್ನು ಹೇಳಬಲ್ಲ ಜಾಣ್ಮೆ ಈ ಸೀಮೆಯ ಎಮ್ಮೆಗಾಹಿಗಳಿಗೆ ಸಹಜವಾಗಿತ್ತು.

ಎತ್ತರದ ಹುಲ್ಲು ಪ್ರಾಣಿಗಳಿಗೂ ಮನೆ. ಗಂಗಾನದಿಯ ಖಾದರ್ ಪ್ರದೇಶವನ್ನೊಳಗೊಂಡ ಹಸ್ತಿನಾಪುರ ವನ್ಯಧಾಮವನ್ನು 1986ರಲ್ಲಿ ಘೋಷಿಸಿದಾಗ ಅದರ ವ್ಯಾಪ್ತಿ ಮೀರತ್, ಮುಜಫರ್‌ನಗರ, ಬಿಜನೋರ್‌ಗಳ ಜೊತೆಗೆ ಆಗಿನ ಗಾಜಿಯಾಬಾದ್ ಜಿಲ್ಲೆಗೂ ಚಾಚಿತ್ತು. ಬಾರಾಸಿಂಗಾ ಎಂಬ ಜೌಗುಜಿಂಕೆ ಅಲ್ಲಿನ ಹುಲ್ಲುಜೌಗುಗಳನ್ನು ಆಶ್ರಯಿಸಿದ ಪ್ರಾಣಿ. ಪಂಪ, ಕುಮಾರವ್ಯಾಸರ ಕಾವ್ಯಗಳ ಮೂಲಕ ಕನ್ನಡಿಗರು ಅರಮನೆ, ರಾಜಸಭೆಗಳ ನಗರವಾಗಿ ಬಲ್ಲ ಹಸ್ತಿನಾಪುರದ ಹೆಸರು ಇಂದು ಒಂದು ಹುಲ್ಲುಬಯಲಿನ ಹೆಸರೂ ಆಗಿದೆ.

2023ರ ಜುಲೈ ತಿಂಗಳಲ್ಲಿ ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆಯ ಮಟ್ಟ 208.66 ಮೀಟರ್ ಮುಟ್ಟಿ, 1978ರ 207.49 ಮೀಟರ್ ದಾಖಲೆಯನ್ನು ಮೀರಿತು. ಅದೇ ತಿಂಗಳು ಹಿಂಡನ್ ಸಹ ಉಕ್ಕಿ ಗಾಜಿಯಾಬಾದ್, ನೋಯ್ಡಾಗಳ ತಗ್ಗಿನ ವಸತಿಗಳಿಗೆ ನುಗ್ಗಿತು. ಹುಲ್ಲು ಇದ್ದಿದ್ದರೆ ನೆರೆಯೇ ಬರುತ್ತಿರಲಿಲ್ಲವೆಂದು ಹೇಳುವುದು ಅವೈಜ್ಞಾನಿಕವಾದೀತು. ಆದರೆ ಖಾದರ್ ಎಂಬ ಪದವನ್ನು ಮರೆಯದಿದ್ದವರು ಅಲ್ಲಿ ಮನೆ ಕಟ್ಟುವ ಮೊದಲು ಯೋಚಿಸುತ್ತಿದ್ದರು. ನದಿ ಹರಡಿಕೊಳ್ಳಲು ಬೇಕಾದ ನೆಲವನ್ನು ಹುಲ್ಲಿಗೆ ಬಿಟ್ಟುಕೊಟ್ಟ ಹಳೆಯ ವ್ಯವಸ್ಥೆಯಲ್ಲಿ ನಷ್ಟ ಕಡಿಮೆಯಿತ್ತು. ನೆರೆಯಲ್ಲಿ ಮುಳುಗಿದ ಹುಲ್ಲು ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ.

೩. ಪದಗಳೊಡನೆ ದಕ್ಷಿಣಕ್ಕೆ ಬಂದ ಹುಲ್ಲುಗಳು

ಯಮುನಾ ಬಯಲಿನ ಹುಲ್ಲುಗಳನ್ನು ಕಣ್ಣಾರೆ ಕಾಣದ ಕನ್ನಡಿಗನೂ ಅವುಗಳ ಹೆಸರನ್ನು ದಿನವೂ ನುಡಿಯುತ್ತಾನೆ. ಉಪನಯನಕ್ಕೆ ಕನ್ನಡದಲ್ಲಿ 'ಮುಂಜಿ' ಎಂಬ ಪದ ರೂಢವಾಗಿದೆ. ಮುಂಜಿ ಮಾಡುವುದು, ಮುಂಜಿಮನೆ ಎಂಬ ಬಳಕೆಗಳೂ ಇವೆ. ಇದರ ಮೂಲ 'ಮೌಂಜೀ' ಎಂಬ ಸಂಸ್ಕೃತ ಪದ. ವಟುವಿನ ನಡುವಿಗೆ ಕಟ್ಟುವ, ಮುಂಜಹುಲ್ಲಿನಿಂದ ಹೊಸೆದ ಮೇಖಲೆ ಎಂದು ಅದರ ಅರ್ಥ. ಮುಂಜ ದೊರೆಯದ ಕಡೆ ಕುಶ ಮೊದಲಾದವನ್ನು ಬಳಸಬಹುದೆಂದು ಸ್ಮೃತಿಗಳೇ ಅವಕಾಶ ನೀಡಿವೆ. ಹುಲ್ಲು ಊರಿಂದ ಊರಿಗೆ ಬದಲಾದರೂ ಹೆಸರು ಬದಲಾಗಲಿಲ್ಲ. ಗಾಜಿಯಾಬಾದಿನ ಮರಳದಿಣ್ಣೆಯ ಮೇಲೆ ಗಾಳಿಗೆ ತೂಗುವ ಪೊದೆಯೊಂದು ಕರ್ನಾಟಕದ ಹಳ್ಳಿಯ ಮನೆಯೊಂದರ ಸಮಾರಂಭಕ್ಕೆ ಹೆಸರು ಕೊಟ್ಟಿದೆ.

'ಕುಶಲ' ಎಂಬ ಪದವನ್ನು ಸಾಂಪ್ರದಾಯಿಕ ವ್ಯಾಖ್ಯಾನಕಾರರು ಕುಶಹುಲ್ಲಿಗೆ ಜೋಡಿಸುತ್ತಾರೆ. ಕುಶದ ಅಂಚು ಕೈ ಕೊಯ್ಯುವಷ್ಟು ಹರಿತವಾದುದು. ಕೈಗೆ ಗಾಯವಾಗದಂತೆ ಅದನ್ನು ಕೊಯ್ದು ತರಬಲ್ಲವನು ಕುಶಲ. 'ಕುಶಾಗ್ರಬುದ್ಧಿ' ಎಂಬ ಪ್ರಯೋಗವೂ ಆ ಹರಿತದ್ದೇ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದರ್ಭೆ ಎಂಬ ಹೆಸರು ಬೇರೆ ಬೇರೆ ಪ್ರಾಂತಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿಯ ಹುಲ್ಲುಗಳಿಗೆ ಸಲ್ಲುತ್ತದೆ. ಆದ್ದರಿಂದ ಪ್ರಾಚೀನ ಗ್ರಂಥದಲ್ಲಿ ದರ್ಭೆಯೆಂದು ಕಂಡೊಡನೆ ಇಂಥದೇ ಸಸ್ಯವೆಂದು ನಿರ್ಣಯಿಸುವುದು ಅಪಾಯಕರ. ಕವಿಯ ಪ್ರದೇಶ, ಅಲ್ಲಿನ ಮಣ್ಣು, ನೀರು ಇವನ್ನು ತಿಳಿದ ಮೇಲೆ ನಿರ್ಣಯಿಸುವುದು ಉಚಿತ.

ಕಾಶಪುಷ್ಪದ ಕಥೆ ಇನ್ನೂ ಸ್ವಾರಸ್ಯವಾದುದು. ಸಂಸ್ಕೃತ ಕಾವ್ಯಗಳ ಶರತ್ಕಾಲದ ವರ್ಣನೆಗೆ ಬಿಳಿಯ ಕಾಶಕುಸುಮ ಅನಿವಾರ್ಯ. ಕಾಳಿದಾಸನ ಋತುಸಂಹಾರದಲ್ಲಿ ಶರದೃತು ಕಾಶವನ್ನು ಉಟ್ಟು ಬರುತ್ತದೆ. ಕನ್ನಡದ ಚಂಪೂಕಾವ್ಯಗಳು ಅಷ್ಟಾದಶ ವರ್ಣನೆಗಳ ಅಂಗವಾಗಿ ಋತುವರ್ಣನೆಯನ್ನು ಸ್ವೀಕರಿಸಿದುದು ಆ ಪರಂಪರೆಯಿಂದಲೇ. ಕವಿಸಮಯವೆಂದು ಪಠ್ಯಗಳಲ್ಲಿ ಓದುವ ಈ ಸಂಗತಿ ಯಮುನೆಯ ದಂಡೆಯಲ್ಲಿ ಪ್ರತ್ಯಕ್ಷ ಸತ್ಯ. ಮಳೆ ಹಿಂದೆಗೆದು ನೆರೆ ಇಳಿದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಲ್ಲಿ ಕಾಶ ಹೂಬಿಡುತ್ತದೆ. ನದಿ ತನ್ನ ಪಾತ್ರಕ್ಕೆ ಮರಳಿದೆಯೆಂಬ ಸೂಚನೆ ಆ ಬಿಳುಪಿನಲ್ಲಿದೆ.

೪. ಹುಲ್ಲಿನ ರಚನೆ ಮತ್ತು ಕೆಲಸ

ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಹುಲ್ಲು ಒಂದು ದೊಡ್ಡ ಕುಲ. ಭತ್ತ, ರಾಗಿ, ಜೋಳ, ನವಣೆ, ಕಬ್ಬು, ಬಿದಿರು ಎಲ್ಲವೂ ಈ ಕುಲದವೇ. ಗರಿಕೆಯೂ ರಾಗಿಯೂ ಹತ್ತಿರದ ಬಂಧುಗಳು. ಕಾಶ, ಮುಂಜ, ಲಾವಂಚಗಳು ಜೋಳ ಮತ್ತು ಕಬ್ಬಿನ ಬಳಗಕ್ಕೆ ಸೇರಿದವು. ಅಮೆರಿಕದ ಪ್ರೇರಿ ಎಂಬ ಮಹಾಬಯಲುಗಳ ಪ್ರಧಾನ ಹುಲ್ಲುಗಳಲ್ಲಿ ಕೆಲವು ಕೂಡ ಇದೇ ಬಳಗದವು. ಎರಡು ಖಂಡಗಳಲ್ಲಿ ಬೇರೆ ಬೇರೆ ಜನ ಒಂದೇ ಮನೆತನದ ಸಸ್ಯಗಳೊಡನೆ ಬಾಳಿದ್ದಾರೆ.

ಹುಲ್ಲಿನ ಬಾಳಿಕೆಯ ಗುಟ್ಟು ಅದರ ಬೆಳವಣಿಗೆಯ ಕೇಂದ್ರದಲ್ಲಿದೆ. ಮರಗಿಡಗಳು ಕುಡಿಯ ತುದಿಯಲ್ಲಿ ಬೆಳೆಯುತ್ತವೆ; ಕುಡಿ ಮುರಿದರೆ ಅಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ; ಹೊಸ ಕುಡಿಗಳು ಹೊರಡುವ ಗೆಣ್ಣುಗಳೂ ನೆಲಕ್ಕೆ ತೀರ ಹತ್ತಿರದಲ್ಲಿರುತ್ತವೆ. ಆದುದರಿಂದ ದನ ಮೇಯ್ದರೂ, ಕುಡುಗೋಲು ಹಾಯ್ದರೂ, ಬೇಸಗೆಯ ಬೆಂಕಿ ಸುಟ್ಟರೂ ಬುಡ ಉಳಿದರೆ ಹುಲ್ಲು ಮರಳಿ ಚಿಗುರುತ್ತದೆ. ಮಿತವಾದ ಮೇವು ಹುಲ್ಲಿಗೆ ಹಿತವೂ ಹೌದು. ಹಳೆಯ ಒಣಗರಿಗಳು ತೆರವಾಗಿ ಬುಡಕ್ಕೆ ಬೆಳಕು ತಾಗುತ್ತದೆ. ಮೇವು ಮಿತಿಮೀರಿ, ಚಿಗುರಿಗೆ ಬಿಡುವೇ ಇಲ್ಲವಾದಾಗ ಬೇರಿನಲ್ಲಿ ಕೂಡಿಟ್ಟ ಆಹಾರ ತೀರಿ ಬುಡ ಸಾಯುತ್ತದೆ. ಅಲ್ಲಿಂದ ಮುಂದೆ ಮಣ್ಣು ಬತ್ತಲಾಗುತ್ತದೆ.

ಎರಡನೆಯ ಗುಟ್ಟು ಬೇರಿನದು. ಬಹುವಾರ್ಷಿಕ ಹುಲ್ಲಿನ ದೇಹದ ಬಹುಪಾಲು ನೆಲದೊಳಗಿರುತ್ತದೆ. ಕೂದಲಿನಂಥ ಅಸಂಖ್ಯ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಸತ್ತ ಬೇರುಗಳು ಕೊಳೆತು ಮಣ್ಣಿಗೆ ಸಾರವಾಗುತ್ತವೆ. ಅವು ಬಿಟ್ಟುಹೋದ ಸಣ್ಣ ರಂಧ್ರಗಳ ಮೂಲಕ ಮಳೆನೀರು ಕೆಳಗಿಳಿಯುತ್ತದೆ. ಗಾಳಿಯಿಂದ ಪಡೆದ ಇಂಗಾಲ ಕಾಡಿನಲ್ಲಿ ಬಹುಮಟ್ಟಿಗೆ ಮರದ ಕಾಂಡದಲ್ಲಿ ಸಂಗ್ರಹವಾದರೆ ಹುಲ್ಲುಗಾವಲಿನಲ್ಲಿ ಮಣ್ಣಿನಲ್ಲಿ ಸಂಗ್ರಹವಾಗುತ್ತದೆ. ಬೆಂಕಿಯಿಂದ ಮೇಲಿನ ಹುಲ್ಲು ನಾಶವಾದರೂ ಈ ಸಂಗ್ರಹ ಉಳಿಯುತ್ತದೆ. ನೇಗಿಲೋ ಯಂತ್ರವೋ ನೆಲವನ್ನು ತಿರುವಿಹಾಕಿದಾಗ ಮಾತ್ರ ಅದು ಕರಗಲಾರಂಭಿಸುತ್ತದೆ.

ಬಯಲುಸೀಮೆಯ ಗುಡ್ಡಗಳಲ್ಲಿ ನಡೆದಾಡಿದವರ ಬಟ್ಟೆಗೆ ಚುಚ್ಚಿಕೊಳ್ಳುವ ಸೂಜಿಯಂಥ ಬೀಜದ ಹುಲ್ಲೊಂದುಂಟು. ಅದರ ಬೀಜಕ್ಕಂಟಿದ ಉದ್ದನೆಯ ಬಾಲ ತೇವ ಸೋಕಿದಾಗ ಬಿಚ್ಚಿಕೊಂಡು ಒಣಗಿದಾಗ ಸುರುಳಿ ಸುತ್ತುತ್ತದೆ. ಈ ಹೊರಳಾಟದಿಂದ ಬೀಜ ತಿರುಪಿನಂತೆ ಮಣ್ಣಿನೊಳಕ್ಕೆ ಇಳಿದು ಮುಂದಿನ ಮಳೆಗೆ ಕಾಯುತ್ತದೆ. ಹೂಬಿಡುವ ಮೊದಲು ಇದು ಒಳ್ಳೆಯ ಮೇವು. ಬೀಜ ಬಲಿತ ಮೇಲೆ ಕುರಿಗಳ ಚರ್ಮಕ್ಕೂ ಬಾಯಿಗೂ ಚುಚ್ಚಿ ತೊಂದರೆ ಕೊಡುತ್ತದೆ. ಯಾವ ತಿಂಗಳಲ್ಲಿ ಯಾವ ಗುಡ್ಡಕ್ಕೆ ಹಿಂಡನ್ನು ಹೊಡೆಯಬೇಕೆಂಬ ಕುರುಬರ ತಿಳಿವಳಿಕೆ ಇಂಥ ಸೂಕ್ಷ್ಮಗಳನ್ನು ಅವಲಂಬಿಸಿದೆ.

ಹುಲ್ಲಿನ ಈ ಕೆಲಸ ಕಣ್ಣಿಗೆ ಕಾಣುವುದು ಹುಲ್ಲು ಹೋದ ಮೇಲೆ. ಅಮೆರಿಕದಲ್ಲಿ ಪ್ರೇರಿಯ ನೆಲವನ್ನು ವ್ಯಾಪಕವಾಗಿ ಉತ್ತು ಗೋದಿ ಬೆಳೆದ ಮೇಲೆ 1930ರ ದಶಕದ ಬರಗಾಲ ಬಂದಾಗ, ಹಿಡಿದಿಡುವ ಬೇರಿಲ್ಲದ ಮಣ್ಣು ಧೂಳಿನ ಮೋಡವಾಗಿ ಎದ್ದಿತು. ಸಾವಿರಾರು ಕುಟುಂಬಗಳು ಊರು ಬಿಟ್ಟವು. ಮಣ್ಣು ಸಂರಕ್ಷಣೆಗೆಂದೇ ಅಲ್ಲಿನ ಸರ್ಕಾರ 1935ರಲ್ಲಿ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಬೇಕಾಯಿತು.

೫. ಕಾವಲು: ಕಾಯ್ದ ನೆಲ

'ಕಾವಲು' ಎಂಬ ಪದ 'ಕಾ', 'ಕಾಯು' ಎಂಬ ಧಾತುವಿನಿಂದ ಬಂದುದು. ರಕ್ಷಣೆ ಎಂಬ ಕ್ರಿಯೆಯ ಹೆಸರು ಹಳೆಯ ಮೈಸೂರು ಸೀಮೆಯಲ್ಲಿ ಹುಲ್ಲುಬಯಲಿಗೇ ಹೆಸರಾಯಿತು. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಸಾಮಾನ್ಯ ಅರ್ಥವಿಸ್ತಾರವೆನಿಸಬಹುದು. ಆದರೆ ಆಡಳಿತದ ಇತಿಹಾಸದ ದೃಷ್ಟಿಯಿಂದ ಇದು ಮಹತ್ವದ ಸಾಕ್ಷ್ಯ: ಹುಲ್ಲನ್ನು ಕಾಯಬೇಕು, ಕಾಯದಿದ್ದರೆ ಅದು ಉಳಿಯುವುದಿಲ್ಲ ಎಂಬ ಗ್ರಹಿಕೆ ಈ ಹೆಸರಿನಲ್ಲಿದೆ. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ನಿಂತಿರುವುದನ್ನು ನೆನೆದರೆ, ಗೋಸಂಪತ್ತೂ ಅದನ್ನು ಸಾಕಿದ ಹುಲ್ಲುನೆಲವೂ ಎಷ್ಟು ಬೆಲೆಯುಳ್ಳವಾಗಿದ್ದವೆಂಬುದು ಸ್ಪಷ್ಟವಾಗುತ್ತದೆ.

ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673-1704) ಅರಮನೆಯ ಗೋಶಾಲೆ 'ಬೆಣ್ಣೆಚಾವಡಿ' ಎಂಬ ಇಲಾಖೆಯಾಗಿ ರೂಪುಗೊಂಡಿತು. ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹುಲ್ಲುಬಯಲುಗಳನ್ನು ಅದಕ್ಕಾಗಿ ಮೀಸಲಿಡಲಾಯಿತು. ಟಿಪ್ಪು ಸುಲ್ತಾನ್ ಇದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟು ನಿಯಮಾವಳಿಯನ್ನು ರೂಪಿಸಿದನು. ಈ ಕಾವಲುಗಳಲ್ಲಿ ಮೇದು ಬೆಳೆದ ಎತ್ತುಗಳ ಬಲದಿಂದ ಹೈದರಾಲಿಯ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿ ಚಿದಂಬರದ ರಕ್ಷಣೆಗೆ ಒದಗಿತೆಂದು ಮೈಸೂರಿನ ಇತಿಹಾಸಕಾರರು ದಾಖಲಿಸಿದ್ದಾರೆ. ಬ್ರಿಟಿಷ್ ಆಡಳಿತ 1860ರಲ್ಲಿ ಖರ್ಚಿನ ಕಾರಣಕ್ಕೆ ಈ ಹಿಂಡುಗಳನ್ನು ಮಾರಿ, ಅವುಗಳ ಕೊರತೆಯನ್ನು ಕಂಡ ಮೇಲೆ 1866ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಿತು.

ಕಾವಲುಗಳ ನಿರ್ವಹಣೆಯಲ್ಲಿ ಎದ್ದುಕಾಣುವ ಅಂಶ ಅವುಗಳ ಋತುವಾರು ವಿಂಗಡಣೆ. ಬೇಸಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವನ್ನು ಬೇರ್ಪಡಿಸಲಾಗಿತ್ತು. ಬೇಸಗೆಯವು ಸಾಮಾನ್ಯವಾಗಿ ಕೆರೆಗಳ ಸಮೀಪದಲ್ಲಿದ್ದು, ನೀರು ಬತ್ತಿದಾಗ ಕೆರೆಯಂಗಳದ ಹಸಿರನ್ನೂ ಮರಗಳ ನೆರಳನ್ನೂ ದನಗಳಿಗೆ ಒದಗಿಸುತ್ತಿದ್ದವು. ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗಿದಾಗ ಹಿಂದಿನದಕ್ಕೆ ಬಿಡುವು ದೊರೆಯುತ್ತಿತ್ತು; ಹುಲ್ಲು ಬೀಜ ಕಟ್ಟಿ ಉದುರಿಸಲು ಕಾಲಾವಕಾಶವಿರುತ್ತಿತ್ತು. ಇಂದಿನ ಪರಿಸರಶಾಸ್ತ್ರ 'ಸರದಿ ಮೇವು' ಎಂದು ಬೋಧಿಸುವ ತತ್ತ್ವ ಇಲ್ಲಿ ಆಡಳಿತದ ಪದ್ಧತಿಯಾಗಿಯೇ ಜಾರಿಯಲ್ಲಿತ್ತು.

ಈ ನೆಲವನ್ನು ದನಗಳ ಜೊತೆ ಕಾಡುಪ್ರಾಣಿಗಳೂ ಹಂಚಿಕೊಂಡಿದ್ದವು. ಕೃಷ್ಣಮೃಗ, ತೋಳ, ನರಿ, ಕಾಡುಮೊಲ, ಬಾನಾಡಿ ಹಕ್ಕಿಗಳು ತೆರೆದ ಬಯಲನ್ನೇ ಬಯಸುವ ಜೀವಿಗಳು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಪ್ರದೇಶ 2007ರಲ್ಲಿಯೇ ಆ ಮನ್ನಣೆ ಪಡೆದಿತ್ತು. ಎರೆಭೂತವೆಂದು ಜನ ಕರೆಯುವ ಭಾರಿ ಗಾತ್ರದ ಬಯಲುಹಕ್ಕಿ ರಾಣೆಬೆನ್ನೂರಿನ ಬಯಲಿನಲ್ಲಿ ಒಮ್ಮೆ ಇತ್ತು. 1974ರಲ್ಲಿ ಘೋಷಿತವಾದ ಅಲ್ಲಿನ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪಾದ ಮೇಲೆ ತೆರೆದ ನೆಲ ಕುಗ್ಗಿ, ಆ ಹಕ್ಕಿ ಅಲ್ಲಿಂದ ಮರೆಯಾಯಿತು.

೬. ಬಳಕೆಯ ನಾನಾ ಮುಖಗಳು

ದನಗಳಿಗೆ ಮೇವಾಗುವುದು ಹುಲ್ಲಿನ ಅತಿ ವ್ಯಾಪಕ ಬಳಕೆಯಾದರೂ ಅದೊಂದೇ ಅಲ್ಲ. ಹಿಂಡನ್, ಗಂಗಾ ತೀರಗಳಲ್ಲಿ ಮುಂಜದ ಎಲೆಗವಚವನ್ನು ಜಜ್ಜಿ ನಾರು ತೆಗೆದು ಹಗ್ಗ ಹೊಸೆಯುತ್ತಾರೆ. ಆ ಹಗ್ಗದಿಂದ ಮಂಚ ಹೆಣೆಯುತ್ತಾರೆ. ಸರ್ಕಂಡಾ ದಂಟುಗಳಿಂದ 'ಮೂಢಾ' ಎಂಬ ಪೀಠಗಳನ್ನು ಕಟ್ಟುವ ಕಸುಬಿಗೆ ಗಢಮುಕ್ತೇಶ್ವರ ಹೆಸರಾಗಿದೆ. ಗುಡಿಸಲಿನ ಛಾವಣಿ, ಬಾಗಿಲ ತಡಿಕೆ, ಮೊರ, ಬುಟ್ಟಿ ಎಲ್ಲಕ್ಕೂ ಈ ಒಂದು ಹುಲ್ಲು ಒದಗುತ್ತದೆ. ಕರ್ನಾಟಕದಲ್ಲಿ ಇದೇ ಕೆಲಸವನ್ನು ಬೇರೆ ಹುಲ್ಲುಗಳು ಮಾಡಿವೆ. ಕರಾವಳಿಯ ಮನೆಗಳಿಗೆ ಮುಳಿಹುಲ್ಲಿನ ಹೊದಿಕೆಯಿತ್ತು. ಮಲೆನಾಡಿನ ಕೃಷಿಕರು ಮನೆಯ ಸಮೀಪದ ಬೇಣವನ್ನು ಮಳೆಗಾಲದುದ್ದಕ್ಕೂ ಕಾಯ್ದು, ಒಣಗಿದ ಕರಡವನ್ನು ಕೊಯ್ದು ಕೊಟ್ಟಿಗೆಗೂ ತೋಟಕ್ಕೂ ಬಳಸುತ್ತಿದ್ದರು.

ಲಾವಂಚದ ಉಪಯೋಗ ಎರಡೂ ಪ್ರದೇಶಗಳಿಗೆ ಸಮಾನವಾದುದು. ಉತ್ತರದಲ್ಲಿ ಅದು 'ಖಸ್'. ಅದರ ಬೇರಿನಿಂದ ಹೆಣೆದ ತಟ್ಟಿಗೆ ನೀರು ಚಿಮುಕಿಸಿ ಬೇಸಗೆಯ ಬಿಸಿಗಾಳಿಯನ್ನು ತಂಪಾಗಿಸುವ ಕ್ರಮ ಅಲ್ಲಿ ಹಳೆಯದು. ಕನೌಜಿನ ಅತ್ತರಿನವರು ಬೇರನ್ನು ಬಟ್ಟಿಯಿಳಿಸಿ ಸುಗಂಧ ಪಡೆಯುತ್ತಾರೆ. ಆದರೆ ಲಾವಂಚದ ಹಿರಿಯ ಉಪಕಾರವನ್ನು ಗುರುತಿಸಿದವರು ಮೈಸೂರು ಸೀಮೆಯ ರೈತರು. ಗುಂಡ್ಲುಪೇಟೆ ಸುತ್ತಿನ ಹೊಲಗಳ ಅಂಚಿನಲ್ಲಿ ಅವರು ಇದನ್ನು ಸಾಲಾಗಿ ನೆಟ್ಟು ಗಡಿಬೇಲಿಯಾಗಿ ಕಾಪಾಡಿಕೊಂಡು ಬಂದಿದ್ದರು. ಮೂರು ಮೀಟರಿಗೂ ಆಳಕ್ಕೆ ನೇರವಾಗಿ ಇಳಿಯುವ ಬೇರು ಪಕ್ಕದ ಬೆಳೆಯ ಪಾಲನ್ನು ಹೆಚ್ಚು ಕಸಿಯುವುದಿಲ್ಲ. ಒತ್ತಾದ ಬುಡ ಹರಿಯುವ ನೀರನ್ನು ತಡೆದು ಮಣ್ಣನ್ನು ಸೋಸಿ ಉಳಿಸುತ್ತ ವರ್ಷಗಳು ಕಳೆದಂತೆ ತಾನೇ ಒಂದು ಬದುವಾಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಲಾವಂಚವನ್ನು ಮಣ್ಣುಸವಕಳಿಯ ತಡೆಗೆ ಪ್ರಚಾರ ಮಾಡಿದಾಗ ಈ ರೈತರ ಅನುಭವವೇ ಅವರಿಗೆ ಪ್ರಮುಖ ನಿದರ್ಶನವಾಯಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1993ರಲ್ಲಿ ಲಾವಂಚವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ಗುಂಡ್ಲುಪೇಟೆಯ ಉಲ್ಲೇಖವಿದೆ.

ಕಾಶಹುಲ್ಲು ರೈತನ ದೃಷ್ಟಿಯಲ್ಲಿ ಹೊಲಕ್ಕೆ ನುಗ್ಗುವ ಕಳೆ. ಆದರೆ 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬುತಳಿ ಸಂಶೋಧನ ಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಅಲ್ಲಿನ ಕಾಶವನ್ನು ರಸಕಬ್ಬಿನೊಡನೆ ಸಂಕರಗೊಳಿಸಿದರು. ಅದರಿಂದ ಹುಟ್ಟಿದ 'ಕೋ 205' ತಳಿ 1918ರಲ್ಲಿ ಉತ್ತರಭಾರತದ ಬೇಸಾಯಕ್ಕೆ ಬಿಡುಗಡೆಯಾಯಿತು. ಚಳಿ, ಬರ, ನೀರುನಿಲ್ಲುವಿಕೆಗಳನ್ನು ಸಹಿಸುವ ಗುಣ ಕಾಶದಿಂದ ಬಂದುದು. ಮೀರತ್, ಗಾಜಿಯಾಬಾದ್ ಸೀಮೆಯ ಕಬ್ಬಿನ ಗದ್ದೆಗಳೂ ಮಂಡ್ಯದ ಕಬ್ಬಿನ ಗದ್ದೆಗಳೂ ಈ ಸಂಕರ ಪರಂಪರೆಗೆ ಋಣಿ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಹುಲ್ಲು ಕಂಬಳಿಯಾಗುತ್ತದೆ. ಕಾವಲಿನಲ್ಲಿ ಮೇದ ಕುರಿಯ ತುಪ್ಪಟವನ್ನು ಕತ್ತರಿಸಿ, ನೂಲು ತೆಗೆದು, ಕಂಬಳಿ ನೇಯುವ ಕುಟುಂಬಗಳ ಬದುಕಿಗೆ ಹುಲ್ಲೇ ಮೂಲಧನ. ಈ ಮೂಲಧನ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸುವುದಿಲ್ಲ.

೭. ಪದ ಬದಲಾದಾಗ

ಬ್ರಿಟಿಷರ ಕಂದಾಯ ಪದ್ಧತಿಯಲ್ಲಿ ಕಂದಾಯ ತಾರದ ನೆಲ 'ಪಾಳು'. ಆ ದೃಷ್ಟಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿಯ ಹೆಸರಿನಲ್ಲಿಯೇ ಅದು ಕಾಣುತ್ತದೆ. 2000ರಿಂದೀಚೆಗೆ ಪ್ರಕಟವಾಗುತ್ತ ಬಂದ ಪಾಳುಭೂಮಿ ನಕಾಶೆಗಳು ಕುರುಚಲು ನೆಲವನ್ನೂ ಶಿಥಿಲಗೊಂಡ ಗೋಮಾಳಗಳನ್ನೂ ಪಾಳಿನ ಲೆಕ್ಕಕ್ಕೆ ಸೇರಿಸುತ್ತವೆ. ಇದಕ್ಕೆ ಪ್ರತಿಯಾಗಿ ಕರ್ನಾಟಕದ 1966ರ ಭೂಕಂದಾಯ ನಿಯಮಗಳು ಪ್ರತಿ ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರಿನಂತೆ ಉಚಿತ ಮೇವಿಗಾಗಿ ಸರ್ಕಾರಿ ಜಮೀನನ್ನು ಕಾದಿರಿಸಬೇಕೆಂದು ವಿಧಿಸಿವೆ. ಒಂದೇ ನೆಲ ಒಂದು ದಾಖಲೆಯಲ್ಲಿ ಗೋವಿನ ಪಾಲು, ಇನ್ನೊಂದು ದಾಖಲೆಯಲ್ಲಿ ಪಾಳು.

ಈ ವಿರೋಧ ಕರ್ನಾಟಕದಲ್ಲಿ ಎರಡು ಬಾರಿ ತೀವ್ರವಾಗಿ ಪ್ರಕಟವಾಯಿತು. 1980ರ ದಶಕದಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಗೆ ಹಲವು ಜಿಲ್ಲೆಗಳ ಸುಮಾರು ಮೂವತ್ತು ಸಾವಿರ ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಯಲು ನೀಡಲಾಯಿತು. ಹಳ್ಳಿಗರು ದನ ಮೇಯಿಸಿ, ಹುಲ್ಲು ಸೌದೆ ತರುತ್ತಿದ್ದ ನೆಲವದು. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಎರಡನೆಯ ಪ್ರಸಂಗ 2010ರ ಆಸುಪಾಸಿನದು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಮೇವಿನ ಹಕ್ಕು ಕಳೆದುಕೊಂಡ ಹಳ್ಳಿಗರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಸಂಸ್ಥೆಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಅವುಗಳಿಗೆ ನೆಲವನ್ನು ಆರಿಸುವಾಗ ಅದು ಖಾಲಿ ನೆಲವೆಂಬ ನಂಬಿಕೆ ಎಲ್ಲಿಂದ ಬಂತೆಂಬುದು ವಿಚಾರಣೀಯ.

ಮರ ನೆಡುವುದು ಪುಣ್ಯಕಾರ್ಯವೆಂಬ ಸದ್ಭಾವನೆಯೂ ಕೆಲವೊಮ್ಮೆ ಹುಲ್ಲಿಗೆ ಮುಳುವಾಗಿದೆ. ಹೊರದೇಶದಿಂದ ತಂದು ಬಿತ್ತಿದ ಜಾಲಿಯೊಂದು ಇದಕ್ಕೆ ನಿದರ್ಶನ. ಕರ್ನಾಟಕದಲ್ಲಿ ಅದು 'ಬಳ್ಳಾರಿ ಜಾಲಿ', ದೆಹಲಿಯಲ್ಲಿ 'ವಿಲಾಯತಿ ಕೀಕರ್'. ಎರಡೂ ಕಡೆ ತೆರೆದ ಬಯಲನ್ನು ಅದು ಆಕ್ರಮಿಸಿದೆ. ಅದರ ಪೊದೆಯ ಕೆಳಗೆ ನೆಲದ ಹುಲ್ಲು ಏಳುವುದಿಲ್ಲ.

ಆಶಾದಾಯಕ ನಿದರ್ಶನಗಳೂ ಇವೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೆರವಿನಿಂದ 2002ರಲ್ಲಿ ಆರಂಭಿಸಿದ ಯಮುನಾ ಜೀವವೈವಿಧ್ಯ ಉದ್ಯಾನದಲ್ಲಿ ಜೌಗುನೆಲ, ಕಾಡುಗಳ ಜೊತೆಗೆ ನದಿಬಯಲಿನ ಹುಲ್ಲುಗಳಿಗೂ ಸ್ಥಾನ ಕಲ್ಪಿಸಲಾಗಿದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಐದು ಸಾವಿರ ಎಕರೆಗೂ ಹೆಚ್ಚಿನ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ನೀಡಿತು. ಇಂದಿರಾಪುರಂ ಬಡಾವಣೆಯಂತೆಯೇ ಕಟ್ಟಡಗಳ ಒತ್ತಡ ಇರುವ ನಗರವೊಂದರ ಅಂಚಿನಲ್ಲಿ ಹುಲ್ಲಿಗೆ ಕಾವಲೆಂಬ ಹಳೆಯ ಅರ್ಥ ಮತ್ತೆ ದೊರೆತಿದೆ. ಕಾವಲ್ ಬೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಬೆಂಗಳೂರಿನ ಊರುಹೆಸರುಗಳಲ್ಲಿ ಮಾತ್ರ ಉಳಿದಿದ್ದ ಅರ್ಥವದು. 2026ನೆಯ ವರ್ಷವನ್ನು ವಿಶ್ವಸಂಸ್ಥೆ ಮೇವುನೆಲಗಳ ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿರುವುದೂ ಈ ದಿಕ್ಕಿನದೇ ಹೆಜ್ಜೆ.

೮. ಸಮಾರೋಪ: ಕನ್ನಡ ವಿದ್ಯಾರ್ಥಿಯ ಕರ್ತವ್ಯ

ಹುಲ್ಲಿನ ರಕ್ಷಣೆ ಸಸ್ಯವಿಜ್ಞಾನಿಯ ಅಥವಾ ಅರಣ್ಯಾಧಿಕಾರಿಯ ಹೊಣೆಯಷ್ಟೇ ಎಂದು ಭಾವಿಸಬೇಕಾಗಿಲ್ಲ. ಕನ್ನಡ ನಿಘಂಟುಗಳನ್ನು ತೆರೆದರೆ ಎಷ್ಟೋ ಹುಲ್ಲಿನ ಹೆಸರುಗಳ ಮುಂದೆ 'ಒಂದು ಜಾತಿಯ ಹುಲ್ಲು' ಎಂಬಷ್ಟೇ ಅರ್ಥ ದೊರೆಯುತ್ತದೆ. 1894ರ ತಮ್ಮ ನಿಘಂಟಿನಲ್ಲಿ ಕಿಟೆಲ್ ಅವರು ಅನೇಕ ಸಸ್ಯನಾಮಗಳಿಗೆ ಲ್ಯಾಟಿನ್ ಹೆಸರುಗಳನ್ನು ಒದಗಿಸಲು ಶ್ರಮಿಸಿದ್ದರು. ಆ ಕೆಲಸವನ್ನು ಹಳ್ಳಿಹಳ್ಳಿಯ ಕುರಿಗಾಹಿ, ದನಗಾಹಿ, ಸೂರು ಹೊದಿಸುವವರು, ಹಗ್ಗ ಹೊಸೆಯುವವರು ಇವರ ನೆರವಿನಿಂದ ಮುಂದುವರಿಸುವುದು ಕನ್ನಡ ವಿಭಾಗಗಳ ಕ್ಷೇತ್ರಕಾರ್ಯಕ್ಕೆ ತಕ್ಕ ವಿಷಯ. ಒಂದೊಂದು ಹೆಸರಿನೊಡನೆ ಆ ಹುಲ್ಲಿನ ಮಾದರಿ, ಬೆಳೆಯುವ ನೆಲ, ಕೊಯ್ಯುವ ತಿಂಗಳು, ಬಳಕೆಯ ಕ್ರಮ, ಅದಕ್ಕೆ ಸಂಬಂಧಿಸಿದ ಗಾದೆ, ಒಗಟು, ಆಚರಣೆಗಳನ್ನು ದಾಖಲಿಸಬೇಕು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸಸ್ಯ ಗುರುತಿಸುವಿಕೆಯಲ್ಲಿ ಅಂಥ ಸಂಸ್ಥೆಗಳ ಸಹಕಾರ ಪಡೆಯಬಹುದು.

ಇಂಥ ಪದಕೋಶಕ್ಕೆ ವಿದ್ವತ್ತಿನ ಆಚೆಗೂ ಪ್ರಯೋಜನವಿದೆ. ಹಳ್ಳಿಯೊಂದರ ನೆಲವನ್ನು ಪಾಳೆಂದು ಬರೆದ ಕಾಗದದ ಮುಂದೆ, ಅದೇ ನೆಲದಲ್ಲಿ ಹೆಸರುಳ್ಳ ಇಪ್ಪತ್ತು ಹುಲ್ಲುಗಳೂ ಅವನ್ನು ನೆಚ್ಚಿದ ಅಷ್ಟೇ ಕಸುಬುಗಳೂ ಇವೆಯೆಂದು ತೋರಿಸುವ ಇನ್ನೊಂದು ಕಾಗದ ಇರಬೇಕು. ಹೆಸರಿಲ್ಲದುದನ್ನು ಕಳೆದುಕೊಂಡೆವೆಂದು ಸಾಬೀತು ಮಾಡುವುದು ಕಷ್ಟ. ಹಿಂಡನ್ ತೀರದ ಮುಂಜ ಕನ್ನಡಕ್ಕೆ ಒಂದು ಪದವಾಗಿ ಬಂದು ಶತಮಾನಗಳೇ ಕಳೆದಿವೆ. ಆ ಹುಲ್ಲು ಅಲ್ಲಿ ಕಟ್ಟಡಗಳ ನಡುವೆ ವಿರಳವಾಗುತ್ತಿದೆ. ಕರ್ನಾಟಕದ ಕಾವಲುಗಳ ಹುಲ್ಲುಗಳು ನೆಲದ ಮೇಲಿರುವಾಗಲೇ ಅವುಗಳ ಹೆಸರು ಕೇಳಿ ಬರೆದುಕೊಳ್ಳಲು ಇನ್ನೂ ಕಾಲವಿದೆ. ಅವನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.